ಕಣ್ಣು ಮುಚ್ಚಿ ಕೂರುವುದಕ್ಕೂ ನೆರವೇ?



ಈ ಸಲ ವೈದ್ಯಕೀಯ ನೆರವು ನಿಧಿಗೆ ಬಂದ ಅರ್ಜಿಗಳಲ್ಲಿ ಒಂದರ ಬಗ್ಗೆ ಸಮಿತಿಯಲ್ಲಿ ದೀರ್ಘ ಚರ್ಚೆಯಾಯಿತು. ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಎಂದರೆ ನಾವ್ಯಾರೂ ಎರಡು ಮಾತಾಡುವುದಿಲ್ಲ. ಇದು ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಟ್ರಮಡಾಲ್ ಮಾತ್ರೆಗೆ ಅಂಟಿಕೊಂಡ ನಮ್ಮವರೊಬ್ಬರ ಅರ್ಜಿ. ಮಾತ್ರೆ ಬಿಡಿಸಿದ ಆಸ್ಪತ್ರೆಯ ಖರ್ಚನ್ನು ಮನೆಯವರೇ ಭರಿಸಿದ್ದಾರೆ. ಈಗ ಕೇಳಿರುವುದು ಮುಂದಿನ ಕೆಲವು ತಿಂಗಳ ಔಷಧಿ, ಆಪ್ತಸಮಾಲೋಚನೆ ಮತ್ತು ಮೈಂಡ್‌ಫುಲ್‌ನೆಸ್ ತರಬೇತಿಯ ವೆಚ್ಚ. "ಕಣ್ಣು ಮುಚ್ಚಿ ಕೂರುವುದಕ್ಕೂ ದುಡ್ಡೇ?" ಎಂದು ಒಬ್ಬರು ಕೇಳಿದರು. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುತ್ತಲೇ ನಿವೃತ್ತನಾದ ನನಗೂ ಅದೇ ಅನುಮಾನ ಇತ್ತು. ಓದಿ, ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಅಫೀಮು, ಹೆರಾಯಿನ್, ಮಾರ್ಫಿನ್, ಟ್ರಮಡಾಲ್ ಎಲ್ಲ ಒಂದೇ ಬಳಗ. ವೈದ್ಯರು ಓಪಿಯಾಯ್ಡ್ ಎನ್ನುತ್ತಾರೆ. ದಿನವೂ ಸೇವಿಸಿದರೆ ಮೆದುಳು ಅದಕ್ಕೇ ಒಗ್ಗಿಹೋಗುತ್ತದೆ. ನಿಲ್ಲಿಸಿದಾಗ ಮೈಕೈ ನೋವು, ಭೇದಿ, ಬೆವರು, ನಿದ್ದೆಯಿಲ್ಲದ ರಾತ್ರಿಗಳು. ಈ ಹಂತ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಇಳಿಯದಿರುವುದು ಒಳಗಿನ ಸೆಳೆತ, ಇಲ್ಲಿನ ಮರಾಠಿಯಲ್ಲಿ 'ತಲಫ್'. ಒಮ್ಮೆ ಬಿಟ್ಟವರು ಮತ್ತೆ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ, ಅಭ್ಯಾಸ ತಪ್ಪಿದ ದೇಹ ತಾಳದೆ ಉಸಿರೇ ನಿಲ್ಲಬಹುದು. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಬಂದ ನಂತರದ ತಿಂಗಳುಗಳೇ ಅಪಾಯದವು.

ನಮ್ಮ ಪುಣೆಗೆ ಇದು ಹೊಸದಲ್ಲ. 80ರ ದಶಕದಲ್ಲಿ ಬ್ರೌನ್ ಶುಗರ್, ಅಂದರೆ 'ಗರ್ದ್', ಇಲ್ಲಿನ ಹುಡುಗರನ್ನು ಹಿಡಿದಾಗ ಲೇಖಕ ಅನಿಲ್ ಅವಚಟ್ ಅದರ ಬಗ್ಗೆ ಬರೆದರು. ಅದನ್ನು ಓದಿ ಪು. ಲ. ದೇಶಪಾಂಡೆ ಮತ್ತು ಸುನೀತಾ ದೇಶಪಾಂಡೆ ಧನಸಹಾಯಕ್ಕೆ ಮುಂದಾದರು (ಪು. ಲ. ಬೆಳಗಾವಿಯಲ್ಲಿ ಕೆಲಕಾಲ ಕಾಲೇಜು ಪಾಠ ಮಾಡಿದವರು, ಅಷ್ಟರಮಟ್ಟಿಗೆ ನಮ್ಮವರೇ). ಅವಚಟ್ ಅವರ ಪತ್ನಿ ಡಾ. ಅನಿತಾ, ತಾವು ಕೆಲಸ ಮಾಡುತ್ತಿದ್ದ ಯೆರವಾಡದ ಮನೋರೋಗ ಆಸ್ಪತ್ರೆಯ ಆವರಣದಲ್ಲೇ 1986ರಲ್ಲಿ 'ಮುಕ್ತಾಂಗಣ' ಆರಂಭಿಸಿದರು. ವ್ಯಸನ ಒಂದು ಕಾಯಿಲೆ, ರೋಗಿಯನ್ನು ಪ್ರೀತಿಯಿಂದ ನೋಡಬೇಕು ಎಂಬ ಮಾತನ್ನು ಈ ಊರು ಕಲಿತದ್ದು ಅಲ್ಲಿಂದ.

ಇನ್ನು ಮೈಂಡ್‌ಫುಲ್‌ನೆಸ್. ಬೌದ್ಧ ಧ್ಯಾನದಿಂದ ಬಂದದ್ದು, ಆದರೆ ಪೂಜೆ, ಮಂತ್ರ ಇಲ್ಲ. ಸೆಳೆತ ಬಂದಾಗ ಅದರೊಡನೆ ಗುದ್ದಾಡದೆ, ಎದೆಯಲ್ಲಿ ಬಿಗಿಯೋ, ಹೊಟ್ಟೆಯಲ್ಲಿ ಸಂಕಟವೋ, ಉಸಿರು ಹೇಗಿದೆ ಎಂದು ಸುಮ್ಮನೆ ಗಮನಿಸುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇದನ್ನು ಅಲೆಯ ಮೇಲೆ ತೇಲುವುದಕ್ಕೆ ಹೋಲಿಸಿದರು. ಅಲೆ ಏರುತ್ತದೆ, ಇಳಿಯುತ್ತದೆ. ಅದು ಇಳಿಯುವವರೆಗೆ ಕೈ ಮಾತ್ರೆಯ ಡಬ್ಬಿಗೆ ಹೋಗದಿದ್ದರೆ ಆಯಿತು. ಇದನ್ನು ಸೆಳೆತ ಇಲ್ಲದ ದಿನಗಳಲ್ಲೇ ರೂಢಿಸಿಕೊಳ್ಳಬೇಕು, ಅದಕ್ಕೇ ತರಬೇತಿ. ಎರಿಕ್ ಗಾರ್ಲಂಡ್ ಎಂಬವರ ಪದ್ಧತಿಯಲ್ಲಿ ಇನ್ನೊಂದು ಭಾಗವೂ ಇದೆ: ಹೂವಿನ ಬಣ್ಣದಂಥ ಸಣ್ಣ ಸಂತೋಷವನ್ನು ನಿಧಾನವಾಗಿ ಸವಿಯುವುದು. ಮಾತ್ರೆಯಿಂದ ಮರಗಟ್ಟಿದ ಮನಸ್ಸಿಗೆ ಇದನ್ನೂ ಹೊಸದಾಗಿ ಕಲಿಸಬೇಕಾಗುತ್ತದಂತೆ.

ದೀರ್ಘಕಾಲದ ನೋವಿನಿಂದ ಮಾತ್ರೆ ದುರ್ಬಳಕೆಗೆ ಬಿದ್ದಿದ್ದ 250 ಜನರ ಮೇಲೆ ಅವರು 8 ವಾರಗಳ ಪ್ರಯೋಗ ನಡೆಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. 9 ತಿಂಗಳ ನಂತರ ತರಬೇತಿ ಪಡೆದವರಲ್ಲಿ ಶೇ. 45 ಮಂದಿ ದುರ್ಬಳಕೆಯಿಂದ ಹೊರಬಂದಿದ್ದರು. ಬರೀ ಗುಂಪು ಸಮಾಲೋಚನೆ ಪಡೆದವರಲ್ಲಿ ಶೇ. 24. ಅರ್ಧಕ್ಕಿಂತ ಹೆಚ್ಚು ಜನ ಹೊರಬರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಇಂಥ ಬಾಕಿ ವಸೂಲಿಯನ್ನು ಯಾವ ಮ್ಯಾನೇಜರನೂ ಕಡೆಗಣಿಸಲಾರ.

ಒಂದು ಎಚ್ಚರಿಕೆ. ಇದು ಔಷಧಿಗೆ ಬದಲಿ ಅಲ್ಲ. ವೈದ್ಯರು ಬ್ಯುಪ್ರೆನಾರ್ಫಿನ್‌ನಂಥ ಔಷಧಿ ಕೊಟ್ಟಿದ್ದರೆ, ಧ್ಯಾನ ಶುರುವಾಯಿತೆಂದು ತಾವಾಗಿಯೇ ನಿಲ್ಲಿಸಬಾರದು. ಮಾತ್ರೆ ಬಿಡುತ್ತಿರುವವರನ್ನು ನೇರವಾಗಿ 10 ದಿನಗಳ ಮೌನ ಶಿಬಿರಕ್ಕೆ ಕಳಿಸುವುದೂ ಸರಿಯಲ್ಲ.

ಸಮಿತಿ ಅರ್ಜಿಯನ್ನು ಒಪ್ಪಿದೆ. ಹಣ ಮನೆಯವರ ಕೈಗಲ್ಲ, ಬಿಲ್ಲು ನೋಡಿ ನೇರವಾಗಿ ಚಿಕಿತ್ಸಾ ಕೇಂದ್ರಕ್ಕೆ ತಿಂಗಳು ತಿಂಗಳು ಸಂದಾಯವಾಗುತ್ತದೆ. ಹೆಸರು ಗೋಪ್ಯ, ದಯವಿಟ್ಟು ಯಾರೂ ವಿಚಾರಿಸಬೇಡಿ. ದೇಣಿಗೆಯ ಚೆಕ್ಕಿನ ಹಿಂದೆ 'ವೈದ್ಯಕೀಯ ನೆರವು' ಎಂದು ಬರೆದು ಸಂಘದ ಕಚೇರಿಗೆ ತಲುಪಿಸಿ. ನಿಮ್ಮ ಮನೆಯಲ್ಲೇ ಇಂಥ ತೊಂದರೆ ಇದ್ದರೆ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ನಮ್ಮ ಅರ್ಜಿ ನಮೂನೆ ಕಚೇರಿಯಲ್ಲಿ ಸಿಗುತ್ತದೆ, ಲಕೋಟೆ ಮುಚ್ಚಿ ಕೊಟ್ಟರೂ ಸಾಕು.