ಅಂಕಿತದ ಹಾಡು, ಚಂದಾದ ಪುಸ್ತಕ

ಸಿನಿಮಾದ ಆಸರೆಯಾಗಲಿ ದೊಡ್ಡ ಧ್ವನಿಮುದ್ರಣ ಕಂಪನಿಗಳ ಬಂಡವಾಳವಾಗಲಿ ಇಲ್ಲದೆ, ಹಾಡುವವರೇ ಕಟ್ಟಿ, ಹಾಡುವವರೇ ಊರೂರಿಗೆ ಮುಟ್ಟಿಸುವ ಸಂಗೀತವನ್ನು ಈಚೆಗೆ ಸ್ವತಂತ್ರ ಸಂಗೀತವೆಂದು ಕರೆಯುವ ರೂಢಿ ಬಂದಿದೆ. ಇದು ಮಹಾನಗರಗಳ ಹೊಸ ಬೆಳವಣಿಗೆಯೆಂಬ ಭಾವನೆ ವ್ಯಾಪಕವಾಗಿದ್ದರೂ, ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಎರೆಸೀಮೆಗೆ ಇಂಥ ಸಂಗೀತದ ಬಳಕೆ ಬಹಳ ಹಳೆಯದು. ಕೇಳಬೇಕಾದ ಹೊಸ ಹಾಡು ಯಾವುದು, ಓದಬೇಕಾದ ಹೊಸ ಪುಸ್ತಕ ಯಾವುದು ಎಂಬುದನ್ನು ಇಲ್ಲಿನ ಜನ ಆ ಹಾಡಿಗೂ ಪುಸ್ತಕಕ್ಕೂ ತಮ್ಮ ಹೆಸರನ್ನೇ ಒತ್ತೆಯಿಟ್ಟ ಕವಿಗಳಿಂದ, ಗವಾಯಿಗಳಿಂದ, ಪ್ರಕಾಶಕರಿಂದ ಅರಿತುಕೊಂಡರು.

ಮೊದಲು ಹೆಸರಿಸಬೇಕಾದದ್ದು ಲಾವಣಿ ಮತ್ತು ಗೀಗೀ ಪದ. ಲಾವಣಿಯೆಂದರೆ ನಡೆದ ಘಟನೆಯನ್ನೋ ವೀರನೊಬ್ಬನ ಸಾಹಸವನ್ನೋ ಕಥೆಯಾಗಿ ನಿರೂಪಿಸುವ ಹಾಡು. ಗೀಗೀ ಮೇಳದಲ್ಲಿ ಮುಖ್ಯ ಹಾಡುಗಾರ ದಪ್ಪು ಬಾರಿಸುತ್ತ ನುಡಿಯನ್ನೆತ್ತಿಕೊಂಡರೆ, ತುಂತುಣಿ ಮತ್ತು ತಾಳ ಹಿಡಿದ ಹಿಮ್ಮೇಳದವರು ಗೀ ಗೀ ಎಂಬ ಸೊಲ್ಲಿನಿಂದ ಅದಕ್ಕೆ ಬಲ ಕೊಡುತ್ತಾರೆ. ಗಂಡು ಹೆಚ್ಚೆಂದು ವಾದಿಸುವ ಹರದೇಶಿ ಮೇಳವೂ ಹೆಣ್ಣು ಹೆಚ್ಚೆಂದು ವಾದಿಸುವ ನಾಗೇಶಿ ಮೇಳವೂ ಜಾತ್ರೆಯ ರಾತ್ರಿ ಎದುರುಬದುರಾದಾಗ, ಒಂದರ ಸವಾಲಿಗೆ ಇನ್ನೊಂದು ಹೊಸ ಪದದಿಂದಲೇ ಉತ್ತರ ಕೊಡಬೇಕಾಗಿದ್ದುದರಿಂದ, ಹೊಸ ರಚನೆಯೆಂಬುದು ಈ ಕಲೆಯ ಅನಿವಾರ್ಯ ಅಗತ್ಯವೇ ಆಗಿತ್ತು. ಇಂಥ ಪದಗಳ ಕೊನೆಯ ನುಡಿಯಲ್ಲಿ ಕವಿ ತನ್ನ ಹೆಸರನ್ನೋ ಊರನ್ನೋ ಊರದೇವರನ್ನೋ ಸೇರಿಸುವ ಪದ್ಧತಿಗೆ ಅಂಕಿತವೆಂದು ಹೆಸರು. ನರಗುಂದದ ಬಾಬಾಸಾಹೇಬನ 1858ರ ಬಂಡಾಯಕ್ಕೆ ಕೆಲವೇ ತಿಂಗಳು ಮೊದಲು, ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಯನ್ನು ಧಿಕ್ಕರಿಸಿ ಹಲಗಲಿಯ ಬೇಡರು ಎದ್ದುನಿಂತದ್ದನ್ನು ಹೇಳುವ ಲಾವಣಿಯು ಗದಗಿಗೆ ಸಮೀಪದ ಕುರ್ತಕೋಟಿಯ ಕಲ್ಮೇಶನ ಅಂಕಿತದಿಂದ ಮುಗಿಯುತ್ತದೆ. ಅದನ್ನು 19ನೇ ಶತಮಾನದಲ್ಲೇ ಸಂಗ್ರಹಿಸಿ ಅಚ್ಚಿಗೆ ತಂದವನು ಶಾಸನತಜ್ಞ ಜೆ. ಎಫ್. ಫ್ಲೀಟ್. ಈ ಸೀಮೆಯ ಕವಿಯೊಬ್ಬ ತನ್ನ ಕಾಲದ ಸುದ್ದಿಯನ್ನೇ ಹಾಡಾಗಿಸಿದ ಈ ರಚನೆ ಶಾಲೆಯ ಕನ್ನಡ ಪಠ್ಯದವರೆಗೂ ಬಂದು ನಿಂತದ್ದು ಸಣ್ಣ ಸಾಧನೆಯಲ್ಲ.

ಶಾಸ್ತ್ರೀಯ ಸಂಗೀತ ಇದೇ ಹಳ್ಳಿಗಳನ್ನು ಮುಟ್ಟಿದ ಬಗೆ ಇನ್ನೂ ವಿಶಿಷ್ಟವಾದದ್ದು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು (1892–1944) ಕಟ್ಟಿದ, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಆರು ದಶಕಗಳಿಗೂ ಹೆಚ್ಚು ಕಾಲ ನಡೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮವು, ಕಣ್ಣಿಲ್ಲದ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ, ವಸತಿ ಮತ್ತು ಸಂಗೀತವನ್ನು ಉಚಿತವಾಗಿ ಕೊಟ್ಟ ಸಂಸ್ಥೆ. ಅದರ ವೆಚ್ಚವನ್ನು ಭಕ್ತರ ಕಾಣಿಕೆಯ ಜೊತೆಗೆ ಆಶ್ರಮದ್ದೇ ಆದ ನಾಟಕ ಕಂಪನಿಯ ದುಡಿಮೆಯೂ ತೂಗಿಸಿತು. ಬಸವರಾಜ ರಾಜಗುರು, ಎಂ. ವೆಂಕಟೇಶಕುಮಾರ್ ಅವರಂಥ ದೊಡ್ಡ ಗಾಯಕರ ಹೆಸರು ಎಲ್ಲರಿಗೂ ತಿಳಿದಿದೆ. ಆದರೆ ಆಶ್ರಮದ ನಿಜವಾದ ಹರವು ಕಾಣುವುದು ಶ್ರಾವಣಮಾಸದ ಪುರಾಣಗಳಲ್ಲಿ. ಪುರಾಣವೆಂದರೆ ಇಲ್ಲಿ ಊರಿನ ಮಠದಲ್ಲೋ ಗುಡಿಯಲ್ಲೋ ತಿಂಗಳಿಡೀ ರಾತ್ರಿ ನಡೆಯುವ ಪ್ರವಚನ. ಪ್ರವಚನಕಾರರು ಶರಣರ ಕಥೆಯನ್ನು ವಿವರಿಸುತ್ತ ಹೋದಂತೆ, ಆಶ್ರಮದಲ್ಲಿ ಕಲಿತ ಗಾಯಕರು ಹಾರ್ಮೋನಿಯಂ ಮತ್ತು ತಬಲಾದೊಡನೆ ವಚನಗಳನ್ನೂ ತತ್ವಪದಗಳನ್ನೂ ರಾಗಬದ್ಧವಾಗಿ ಹಾಡುತ್ತಾರೆ. ಟಿಕೆಟ್ಟಿನ ಮಾತಿಲ್ಲದ ಈ ಸಭೆಯಲ್ಲಿ ಹೊಲದ ಕೆಲಸ ಮುಗಿಸಿ ಬಂದವರು ಭೀಮಪಲಾಸವನ್ನೋ ಭೈರವಿಯನ್ನೋ ಅದರ ಹೆಸರು ತಿಳಿಯದೆಯೂ ಗುರುತು ಹಿಡಿಯಬಲ್ಲವರಾದರು. ಕರ್ನಾಟಕದಲ್ಲಿ ಹಿಂದೂಸ್ತಾನಿ ಸಂಗೀತ ಬೇರೂರಿದ್ದಕ್ಕೆ ಸಂಸ್ಥಾನಗಳ ದರಬಾರುಗಳನ್ನು ಸ್ಮರಿಸುವ ಇತಿಹಾಸಕಾರರು ಈ ಪುರಾಣದ ಕಟ್ಟೆಗಳಿಗೆ ಇನ್ನೂ ತಕ್ಕ ಸ್ಥಾನ ಕೊಟ್ಟಿಲ್ಲ.

ಯಂತ್ರದ ಮೂಲಕ ಬಂದ ಹೊಸ ಸಂಗೀತವೂ ಈ ಸೀಮೆಯಲ್ಲಿ ಫಲ ಕೊಟ್ಟಿದೆ. 1922ರಲ್ಲಿ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಠುಮರಿಯ ಧ್ವನಿಮುದ್ರಿಕೆಯನ್ನು ಕೇಳಿ, ಅಂಥ ಗಾಯನವನ್ನು ಕಲಿಯಲೇಬೇಕೆಂದು 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟರು.

ಪುಸ್ತಕಗಳ ವಿಷಯದಲ್ಲಿ ಅದೇ 1933ನೇ ವರ್ಷ ಇನ್ನೊಂದು ಕಾರಣಕ್ಕೂ ಮುಖ್ಯವಾಗುತ್ತದೆ. ಗದಗ ಸಮೀಪದ ಹೊಂಬಳದವರಾದ ಜಿ. ಬಿ. ಜೋಶಿ ಆ ವರ್ಷ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಓದುಗರು ವರ್ಷದ ಚಂದಾಹಣವನ್ನು ಮುಂಗಡವಾಗಿ ಕೊಡುವುದು, ಪ್ರಕಾಶಕರು ತಾವೇ ಆಯ್ದ ಪುಸ್ತಕಗಳನ್ನು ಅವರಿಗೆ ತಲುಪಿಸುವುದು ಅದರ ಕ್ರಮ. ಪುಸ್ತಕದಂಗಡಿಯೇ ಅಪರೂಪವಾಗಿದ್ದ ಊರುಗಳ ಓದುಗನಿಗೆ ಇದರಿಂದ ಎಂದೂ ಹೆಸರು ಕೇಳದ ಲೇಖಕನ ಪುಸ್ತಕ ಅಂಚೆಯಲ್ಲಿ ಮನೆಗೇ ಬರುವಂತಾಯಿತು. ಗಿರೀಶ ಕಾರ್ನಾಡರು ಇನ್ನೂ ಇಪ್ಪತ್ತರ ಹರೆಯದ ಅಪರಿಚಿತ ಲೇಖಕರಾಗಿದ್ದಾಗ ಅವರ ‘ಯಯಾತಿ’ ನಾಟಕ 1961ರಲ್ಲಿ ಪ್ರಕಟವಾದದ್ದು ಈ ಮಾಲೆಯಲ್ಲಿ. ‘ತುಘಲಕ್’ ಕೂಡ ಇಲ್ಲಿಂದಲೇ ಬಂತು. ಗದಗಿನವರೇ ಆದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಮಾಲೆಯ ಸಾಹಿತ್ಯ ಸಲಹೆಗಾರರಾಗಿ ಹಸ್ತಪ್ರತಿಗಳನ್ನು ಓದಿ ತೂಗಿದ್ದರಿಂದ, ಚಂದಾದಾರನ ಹಣಕ್ಕೆ ಕನ್ನಡದ ಶ್ರೇಷ್ಠ ವಿಮರ್ಶಕನೊಬ್ಬನ ಅಭಿರುಚಿಯೇ ಜಾಮೀನಾಯಿತು. ಓದುಗರ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಇದಕ್ಕಿಂತ ಉತ್ತಮ ಪುಸ್ತಕ ಯೋಜನೆ ಕನ್ನಡದಲ್ಲಿ ಅಪರೂಪ. ಗದಗಿನಲ್ಲಿಯೇ ಶಾಬಾದಿಮಠ ಬುಕ್ ಡಿಪೋ ವೃತ್ತಿನಾಟಕ, ಸಣ್ಣಾಟಗಳ ಪುಸ್ತಕಗಳನ್ನು ಹಳ್ಳಿಯ ಹವ್ಯಾಸಿ ತಂಡಗಳಿಗೆ ಒದಗಿಸಿತು. ತೋಂಟದಾರ್ಯ ಮಠದಲ್ಲಿ ಸಿದ್ಧಲಿಂಗ ಸ್ವಾಮಿಗಳು (1949–2018) ಪುಸ್ತಕ ಪ್ರಕಟಣೆಯನ್ನೇ ಮಠದ ಮುಖ್ಯ ಕಾಯಕವಾಗಿಸಿ, ಪ್ರತಿ ಸೋಮವಾರದ ಶಿವಾನುಭವ ಗೋಷ್ಠಿಯನ್ನು ವಿದ್ವಾಂಸರ ಮಾತಿಗೂ ಹೊಸ ಪುಸ್ತಕಗಳ ಪರಿಚಯಕ್ಕೂ ವೇದಿಕೆಯಾಗಿಸಿದರು.

ಈಗ ಉತ್ತರ ಕರ್ನಾಟಕದ ಯುವ ಗಾಯಕರು ಊರಿನ ಸಣ್ಣ ಸ್ಟುಡಿಯೊಗಳಲ್ಲಿ ಮುದ್ರಿಸಿ ಯೂಟ್ಯೂಬಿನಲ್ಲಿ ಬಿಡುವ ಹಾಡುಗಳು ಜಾನಪದವೆಂಬ ಹೆಸರಿನಲ್ಲಿ ಟ್ರ್ಯಾಕ್ಟರಿನಿಂದ ಮದುವೆಯ ಮೆರವಣಿಗೆಯವರೆಗೆ ಎಲ್ಲೆಡೆ ಮೊಳಗುತ್ತಿವೆ. ಅವುಗಳಲ್ಲಿ ಒಂದೇ ಧಾಟಿಯ ಪುನರಾವರ್ತನೆ ಬಹಳವಿದ್ದು, ಕೆಲವು ಹಾಡುಗಳು ಹೆಣ್ಣಿನ ವಿಷಯದಲ್ಲಿ ಆಡುವ ಮಾತು ಖಂಡಿತ ಒಪ್ಪತಕ್ಕದ್ದಲ್ಲ. ಆದರೂ ಅನೇಕ ಹಾಡುಗಳ ಕೊನೆಯ ನುಡಿಯಲ್ಲಿ ಸಾಹಿತ್ಯ ಬರೆದವರ ಹೆಸರು ಮತ್ತು ಊರು ಇಂದಿಗೂ ಕೇಳಿಬರುವುದರಿಂದ, ಲಾವಣಿಯ ಅಂಕಿತ ಹೊಸ ಮಾಧ್ಯಮದಲ್ಲಿ ಮುಂದುವರಿದಿದೆಯೆಂದು ಧಾರಾಳವಾಗಿ ಹೇಳಬಹುದು. ಒಳ್ಳೆಯ ಹೊಸ ಹಾಡನ್ನು ಹುಡುಕುವವರು ನೋಡಿದವರ ಎಣಿಕೆಯನ್ನು ಬದಿಗಿಟ್ಟು ಆ ಹೆಸರನ್ನು ಹಿಡಿದು ಹೋದರೆ, ಒಬ್ಬ ಕವಿಯಿಂದ ಇನ್ನೊಬ್ಬ ಕವಿಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಪುಸ್ತಕದ ದಾರಿ ಇಷ್ಟು ಸುಲಭವಾಗಿ ಉಳಿದಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ ಮುಂದೆ ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ; ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳ ಪಕ್ಕದಲ್ಲಿ ಹೊಸ ಕಥೆ, ಕವಿತೆ, ನಾಟಕಗಳಿಗೂ ಅಲ್ಲಿ ಜಾಗ ಸಿಗಬೇಕಾದರೆ ಓದುಗರು ಅವನ್ನು ಹೆಸರು ಹಿಡಿದು ಕೇಳಬೇಕು. ಮನೋಹರ ಗ್ರಂಥಮಾಲೆಯನ್ನು ಬದುಕಿಸಿದವರು ವರ್ಷದ ಚಂದಾ ಕೊಟ್ಟ ಶಿಕ್ಷಕರು, ಗುಮಾಸ್ತರು, ವಕೀಲರು ಎಂಬುದನ್ನು ನೆನೆದು, ರೋಣ, ನರಗುಂದ, ಗಜೇಂದ್ರಗಡದ ಶಾಲೆ ಕಾಲೇಜುಗಳ ಅಧ್ಯಾಪಕರು ತಮಗೆ ಒಪ್ಪಿಗೆಯಾದ ಒಬ್ಬ ಸಣ್ಣ ಪ್ರಕಾಶಕರಿಗಾದರೂ ಈ ವರ್ಷವೇ ಚಂದಾದಾರರಾಗಲಿ, ಬಂದ ಪುಸ್ತಕವನ್ನು ವಿದ್ಯಾರ್ಥಿಗಳ ಕೈಗೆ ದಾಟಿಸಲಿ.