ಅವರೆ–ಬದನೆ ಖಾರ ಪಲ್ಯ: ಹೊಲದಿಂದ ಒಲೆಯವರೆಗೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತ ಬಾಂಧವರಿಗೆ ರಾಗಿಮುದ್ದೆ ನಿತ್ಯದ ಊಟ. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದೆ. ಅದರ ಸಸಾರಜನಕದಲ್ಲಿರುವ ಕೊರತೆಯನ್ನು ಅವರೆಯಂತಹ ದ್ವಿದಳ ಧಾನ್ಯ ತುಂಬಿಕೊಡುತ್ತದೆ. ಆದ್ದರಿಂದ ಮುದ್ದೆಯೊಡನೆ ಅವರೆಕಾಳು–ಬದನೆಕಾಯಿ ಪಲ್ಯ ಬರಿಯ ನಾಲಿಗೆಯ ಚಪಲವಲ್ಲ. ಆದರೆ ಈ ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆಯೂ ಹೌದು. ಹೊಗೆಸೊಪ್ಪಿಗೆ ಸಿಂಪಡಿಸಿದ ವಿಷ ಅಡಿಗೆಮನೆ ಸೇರದಂತೆ ನೋಡಿಕೊಳ್ಳುವುದೇ ಈ ಪಲ್ಯದ ಮೊದಲ ಪಾಠ.

ಹೊಲದಲ್ಲಿ ವಹಿಸಬೇಕಾದ ಎಚ್ಚರಿಕೆ

1. ಹೊಗೆಸೊಪ್ಪು, ಬದನೆ, ಮೆಣಸಿನಕಾಯಿ, ಟೊಮೇಟೊ ಇವೆಲ್ಲ ಒಂದೇ ಕುಟುಂಬದ ಬೆಳೆಗಳು. ಬೇರುಗಂಟು ಜಂತುಹುಳು ಹಾಗೂ ನಂಜುರೋಗಗಳು ಒಂದರಿಂದ ಇನ್ನೊಂದಕ್ಕೆ ಹರಡುತ್ತವೆ. ಆದ್ದರಿಂದ ತರಕಾರಿ ಮಡಿಗಳನ್ನು ಹೊಗೆಸೊಪ್ಪಿನ ಸಸಿಮಡಿ ಮತ್ತು ಹೊಲದಿಂದ ದೂರವಿಡಿ.

2. ನಾಡ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ–3 ಮತ್ತು 4 ತಳಿಗಳಿಗೆ ಈ ಕಟ್ಟುಪಾಡಿಲ್ಲ. ನೀರಿದ್ದರೆ ವರ್ಷದ ಯಾವ ಕಾಲದಲ್ಲೂ ಬೆಳೆಯಬಹುದು.

3. ಹೊಗೆಸೊಪ್ಪಿಗೆ ಸಿಂಪಡಿಸಿ ಉಳಿದ ಔಷಧಿಯನ್ನು ತರಕಾರಿಗೆ ಹೊಡೆಯಲೇಬೇಡಿ. ಗಿಡದೊಳಕ್ಕೆ ಇಳಿಯುವ ಕೀಟನಾಶಕಗಳು ಕಾಯಿಯನ್ನು ಎಷ್ಟು ತೊಳೆದರೂ ಹೋಗುವುದಿಲ್ಲ. ಆಯಾ ತರಕಾರಿಗೆ ಶಿಫಾರಸು ಮಾಡಿದ ಔಷಧಿಯನ್ನೇ ಬಳಸಿ, ಲೇಬಲ್ಲಿನಲ್ಲಿ ಸೂಚಿಸಿದಷ್ಟು ದಿನ ಕಳೆದ ಮೇಲೆ ಕಾಯಿ ಕೀಳಿ.

4. ಹಸಿ ಹೊಗೆಸೊಪ್ಪಿನ ಅಂಟಿನಲ್ಲಿರುವ ನಿಕೋಟಿನ್ ಚರ್ಮದ ಮೂಲಕ ಮೈ ಸೇರಿ ತಲೆಸುತ್ತು, ವಾಂತಿ ತರುತ್ತದೆ. ಎಲೆ ಮುರಿದು ಬಂದವರು ಸೋಪಿನಿಂದ ಕೈ ತೊಳೆದು, ಬಟ್ಟೆ ಬದಲಿಸಿದ ಮೇಲೆಯೇ ಅಡಿಗೆಗೆ ಕೈ ಹಾಕಬೇಕು.

ಬೇಕಾಗುವ ಸಾಮಗ್ರಿ (ಐದು ಮಂದಿಗೆ)

ಸುಲಿದ ಹಸಿ ಅವರೆಕಾಳು 250 ಗ್ರಾಂ, ಎಳೆ ಬದನೆಕಾಯಿ 500 ಗ್ರಾಂ, ಈರುಳ್ಳಿ 1, ಒಣಮೆಣಸಿನಕಾಯಿ 6, ಕೊತ್ತಂಬರಿ ಬೀಜ 2 ಚಮಚ, ಬೆಳ್ಳುಳ್ಳಿ 6 ಎಸಳು, ತೆಂಗಿನತುರಿ ಅರ್ಧ ಬಟ್ಟಲು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಎಣ್ಣೆ 3 ಚಮಚ, ಸಾಸಿವೆ, ಕರಿಬೇವು, ಅರಿಶಿನ, ಉಪ್ಪು.

ಮಾಡುವ ವಿಧಾನ

ಕಾಳು ಮುಳುಗುವಷ್ಟೇ ನೀರು ಹಾಕಿ, ಬೆರಳಲ್ಲಿ ಹಿಸುಕಿದರೆ ಮಿದುವಾಗುವವರೆಗೆ ಬೇಯಿಸಿ. ಒಣ ಕಾಳಾದರೆ ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಬೇಕು. ಅರೆಬೆಂದ ಕಾಳು ಸರಿಯಾಗಿ ಜೀರ್ಣವಾಗುವುದಿಲ್ಲ. ಮೆಣಸಿನಕಾಯಿ, ಕೊತ್ತಂಬರಿ ಬೀಜ ಹುರಿದು, ತೆಂಗಿನತುರಿ ಮತ್ತು ಬೆಳ್ಳುಳ್ಳಿಯೊಡನೆ ತರಿತರಿಯಾಗಿ ಅರೆಯಿರಿ. ಬದನೆಕಾಯಿ ಹೆಚ್ಚಿದ ಕೂಡಲೇ ಉಪ್ಪುನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ.

ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಕರಿಬೇವು, ಈರುಳ್ಳಿ ಬಾಡಿಸಿ. ಬದನೆ ಹೋಳು, ಅರಿಶಿನ, ಉಪ್ಪು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಹೋಳು ಮೆತ್ತಗಾದ ಮೇಲೆ ಬೆಂದ ಕಾಳು ಸೇರಿಸಿ. ಹಸಿ ಕಾಳು ಬೆಂದ ನೀರನ್ನು ಚೆಲ್ಲದೆ ಪಲ್ಯಕ್ಕೇ ಬಳಸಿ. ಕಾಳಿನಿಂದ ಬಿಟ್ಟ ಸತ್ವ ಅದರಲ್ಲಿದೆ. ಚಿಕ್ಕ ಮಕ್ಕಳಿಗೆ ಈ ಹಂತದಲ್ಲೇ ಸ್ವಲ್ಪ ತೆಗೆದಿಟ್ಟು, ಅನಂತರ ಅರೆದ ಖಾರ ಬೆರೆಸಿ. ಹುಣಸೆರಸ ಕೊನೆಗೆ ಬರಲಿ. ಹುಳಿ ಮೊದಲೇ ಬಿದ್ದರೆ ಕಾಳೂ ಹೋಳೂ ಬೇಗ ಬೇಯುವುದಿಲ್ಲ. ಸೌದೆ ವೃಥಾ ಖರ್ಚು. ಐದು ನಿಮಿಷ ಕುದಿಸಿ ಇಳಿಸಿ.

ಬಡಿಸುವಾಗ ನಿಂಬೆರಸ ಹಿಂಡಿಕೊಳ್ಳಿ. ಕಾಯಿಸಿದರೆ ನಾಶವಾಗುವ 'ಸಿ' ಜೀವಸತ್ವ ಹೀಗೆ ಉಳಿದು, ರಾಗಿ ಮತ್ತು ಅವರೆಯಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ರಕ್ತಹೀನತೆಯಿಂದ ಬಳಲುವ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಅರ್ಧ ನಿಂಬೆಹಣ್ಣನ್ನು ಮರೆಯಬಾರದು.