ಎಡಬದಿ ಒಂದೇ, ರೂಢಿ ಬೇರೆ

‘ಸಿಲ್ಕ್ ಬೋರ್ಡ್‌ನಲ್ಲಿ ಗಾಡಿ ಓಡಿಸಿದವರಿಗೆ ಲಂಡನ್ ಯಾವ ಮಹಾ?’ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಬ್ರಿಟನ್ನಿನಲ್ಲೂ ಸ್ಟೇರಿಂಗ್ ಬಲಕ್ಕಿದೆ, ಗಾಡಿ ಎಡಕ್ಕೆ ಹೋಗುತ್ತದೆ. ಅಮೆರಿಕದಲ್ಲಾದರೆ ಎಲ್ಲವೂ ತಿರುಗುಮುರುಗು, ಹಾಗಾಗಿ ಮೈಯೆಲ್ಲ ಕಣ್ಣಾಗಿರುತ್ತೇವೆ. ಬ್ರಿಟನ್ನಿನಲ್ಲಿ ಗೊತ್ತಿದ್ದದ್ದೇ ಎನ್ನುವ ಧೈರ್ಯದಲ್ಲಿ ಎಡವುತ್ತೇವೆ.

ತಪ್ಪು ಕಲ್ಪನೆ: ನಮ್ಮ ಲೈಸೆನ್ಸ್ ಇದ್ದರೆ ಸಾಕು.

ಸತ್ಯ: ಸುತ್ತಾಡಲು ಹೋದವರಿಗೆ ಸಾಕು. ಕೆಲಸಕ್ಕೆಂದು ನೆಲೆಸಿದವರಿಗೆ 12 ತಿಂಗಳ ಗಡುವು. ಜಪಾನ್, ಆಸ್ಟ್ರೇಲಿಯಾದವರು ತಮ್ಮ ಲೈಸೆನ್ಸ್ ಕೊಟ್ಟು ಅಲ್ಲಿನದನ್ನು ಪಡೆಯಬಹುದು. ನಮಗೆ ಆ ಸೌಲಭ್ಯವಿಲ್ಲ, ಥಿಯರಿ ಪರೀಕ್ಷೆಯಿಂದಲೇ ಶುರು. ಆಟೋಮ್ಯಾಟಿಕ್ ಕಾರಿನಲ್ಲಿ ಪಾಸಾದವರು ಗೇರ್ ಗಾಡಿ ಮುಟ್ಟುವಂತಿಲ್ಲ.

ತಪ್ಪು ಕಲ್ಪನೆ: ಎದುರಿನವನು ಲೈಟ್ ಹೊಡೆದರೆ ‘ನಾನು ಬರ್ತಿದ್ದೀನಿ, ನಿಲ್ಲು’ ಎಂದರ್ಥ.

ಸತ್ಯ: ಅಲ್ಲಿ ಬಹುಪಾಲು ಇದರ ತದ್ವಿರುದ್ಧ. ಊರೊಳಗಿನ ಬೀದಿಗಳಲ್ಲಿ ಎರಡೂ ಬದಿ ಕಾರು ನಿಲ್ಲಿಸಿ, ನಡುವೆ ಒಂದೇ ಗಾಡಿಗೆ ಜಾಗ ಉಳಿದಿರುತ್ತದೆ. ಎದುರಿನ ಕಾರು ದೂರದಲ್ಲೇ ನಿಂತು ಲೈಟ್ ಹೊಡೆಯುತ್ತದೆ. ಅವನು ನುಗ್ಗಲು ಹೊರಟಿದ್ದಾನೆ ಎಂದುಕೊಂಡು ನಮ್ಮವರು ಬ್ರೇಕ್ ಒತ್ತುತ್ತಾರೆ. ಅವನು ಹೇಳಿದ್ದು ‘ನೀವು ಬನ್ನಿ’ ಎಂದು. ಇಬ್ಬರೂ ನಿಂತೇ ಇರುತ್ತಾರೆ! ಹಾಗಂತ ಲೈಟ್ ಕಂಡ ತಕ್ಷಣ ಹೊರಡುವುದೂ ಸರಿಯಲ್ಲ. ‘ಹೈವೇ ಕೋಡ್’ ಪ್ರಕಾರ ಅದು ‘ನಾನಿಲ್ಲಿದ್ದೇನೆ’ ಎಂದು ತಿಳಿಸುವುದಕ್ಕಷ್ಟೆ. ದಾರಿ ಬಿಡುವುದು ಜನ ಬೆಳೆಸಿಕೊಂಡ ರೂಢಿ. ಗಾಡಿ ನಿಜಕ್ಕೂ ನಿಂತಿದೆಯೇ ಎಂದು ನೋಡಿಕೊಂಡೇ ಹೊರಡಬೇಕು. ದಾಟುವಾಗ ಕೈಯೆತ್ತದೆ ಹೋದರೆ ಒರಟ ಎನಿಸಿಕೊಳ್ಳುವುದು ಖಂಡಿತ.

ಹಾರ್ನ್ ವಿಷಯ ಹೇಳುವುದೇ ಬೇಡ. ಜನವಸತಿ ಇರುವಲ್ಲಿ ರಾತ್ರಿ 11.30ರಿಂದ ಬೆಳಗ್ಗೆ 7ರವರೆಗೆ ಅದನ್ನು ಬಾರಿಸುವುದೇ ಅಪರಾಧ.

ತಪ್ಪು ಕಲ್ಪನೆ: ಬಿಳಿ ವೃತ್ತಕ್ಕೆ ಓರೆಯಾಗಿ ಕಪ್ಪು ಪಟ್ಟಿ ಎಳೆದ ಫಲಕ ಕಂಡರೆ ವೇಗಕ್ಕೆ ಮಿತಿಯಿಲ್ಲ.

ಸತ್ಯ: ಈ ಫಲಕ ಹೇಳುವುದು ರಾಷ್ಟ್ರೀಯ ಮಿತಿಯನ್ನು. ಕಾರುಗಳಿಗೆ ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಗಂಟೆಗೆ 60 ಮೈಲಿ, ಇದ್ದಲ್ಲಿ 70. ಎರಡೂ ಬದಿ ಆಳೆತ್ತರದ ಬೇಲಿಗಿಡ ಬೆಳೆದು, ತಿರುವಿನಾಚೆ ಟ್ರ್ಯಾಕ್ಟರ್ ಇದೆಯೋ ಕುದುರೆ ಇದೆಯೋ ಕಾಣದ ಹಳ್ಳಿಯ ದಾರಿಗೂ ಇದೇ ಫಲಕ ನೆಟ್ಟಿರುತ್ತಾರೆ. ಅಲ್ಲಿ 60 ಮುಟ್ಟಲು ಹೊರಡುವುದು ಹುಚ್ಚುತನ. ವೇಲ್ಸ್‌ನಲ್ಲಂತೂ 2023ರ ಸೆಪ್ಟೆಂಬರಿನಿಂದ ಊರೊಳಗಿನ ಬಹುತೇಕ ಬೀದಿಗಳಲ್ಲಿ 20 ಮೈಲಿಯೇ ಮಿತಿ.

ತಪ್ಪು ಕಲ್ಪನೆ: ಟೋಲ್ ಗೇಟ್ ಇಲ್ಲ, ಹಾಗಾಗಿ ಶುಲ್ಕವೂ ಇಲ್ಲ.

ಸತ್ಯ: ಮಧ್ಯ ಲಂಡನ್ನಿನಲ್ಲಿ 2003ರಿಂದ ದಟ್ಟಣೆ ಶುಲ್ಕವಿದೆ. ಗೇಟೂ ಇಲ್ಲ, ಫಾಸ್ಟ್‌ಟ್ಯಾಗೂ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಹಣವನ್ನು ನಾವಾಗಿ ಆನ್‌ಲೈನಿನಲ್ಲಿ ಕಟ್ಟಬೇಕು. ಮರೆತರೆ ದಂಡ.

ತಪ್ಪು ಕಲ್ಪನೆ: ಇಷ್ಟೆಲ್ಲ ರಗಳೆ ಯಾಕೆ, ರೈಲೇ ವಾಸಿ.

ಸತ್ಯ: ಲಂಡನ್ನಿಗೆ ಈ ಮಾತು ಸರಿ. ಸ್ಕಾಟ್ಲೆಂಡಿನ ಗುಡ್ಡಗಾಡಿಗಲ್ಲ. ಆಪಲ್‌ಕ್ರಾಸ್ ಕಡೆ ಹೋಗುವ ‘ಬ್ಯಾಲಖ್ ನ ಬಾ’ ದಾರಿ ಸಮುದ್ರ ಮಟ್ಟದಿಂದ 626 ಮೀಟರ್‌ವರೆಗೆ ಹತ್ತುತ್ತದೆ. ಆಗುಂಬೆ ಘಾಟಿಯಂಥದ್ದೇ ತಿರುವುಗಳು. ಅಗಲ ಮಾತ್ರ ಒಂದೇ ಗಾಡಿಗೆ. ಅಲ್ಲಲ್ಲಿ ಸರಿದು ನಿಲ್ಲುವ ತಾಣಗಳಿವೆ. ತಾಣ ಎಡಕ್ಕಿದ್ದರೆ ಒಳಗೆ ಸರಿಯಬೇಕು. ಬಲಕ್ಕಿದ್ದರೆ ಅಡ್ಡ ಹೋಗದೆ, ಅದರ ಎದುರಿಗೇ ನಿಂತು ಎದುರಿನವರಿಗೆ ದಾರಿ ಕೊಡಬೇಕು. ಹಿಂದಿನವರಿಗೆ ಅವಸರವಿದ್ದರೆ ಅವರಿಗೂ. ಆ ತಾಣದಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆಯಲು ಇಳಿದರೆ ಮಾತ್ರ ಸ್ಥಳೀಯರಿಂದ ಬೈಸಿಕೊಳ್ಳಲು ಸಿದ್ಧರಿರಬೇಕು.